ಹಳೆಯ ಯುದ್ಧಚಿತ್ರಗಳ ಅಂಚನ್ನು ಕತ್ತರಿಸಬೇಡಿ

ಮಾನ್ಯ ಸಂಪಾದಕರೇ,

ಎರಡನೆಯ ಮಹಾಯುದ್ಧದ ಛಾಯಾಚಿತ್ರಗಳನ್ನು ಪತ್ರಿಕೆಗಳು ಆಗಾಗ ಮರುಮುದ್ರಿಸುತ್ತವೆ. ಪುಟದ ಅಳತೆಗೆ ಹೊಂದಿಸುವಾಗ ಸೈನಿಕನ ಮುಖವನ್ನು ಉಳಿಸಿಕೊಂಡು ಬಂದೂಕಿನ ತುದಿಯನ್ನೂ ಸೊಂಟದ ಕೆಳಭಾಗವನ್ನೂ ಕತ್ತರಿಸಿಬಿಡುವುದು ಸಾಮಾನ್ಯವಾಗಿದೆ. ಚಿತ್ರ ಎಂದಿನದು, ಯಾವ ಪಡೆಯದು ಎಂದು ತಿಳಿಸಬಲ್ಲ ಗುರುತುಗಳು ಬಹುಪಾಲು ಇರುವುದು ಆ ಎರಡು ಜಾಗಗಳಲ್ಲೇ ಆದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಬ್ರಿಟಿಷ್ ಪಡೆಗಳ ಲೀ-ಎನ್‌ಫೀಲ್ಡ್ ರೈಫಲನ್ನೇ ನೋಡಿ. ಹಳೆಯ ಮಾದರಿಯ ತುದಿಗೆ ಸಿಕ್ಕಿಸುತ್ತಿದ್ದ ಇರಿಯುವ ಆಯುಧ, ಅಂದರೆ 1907ರ ಬಯೊನೆಟ್‌ಗೆ 17 ಅಂಗುಲದ ಅಲಗಿದ್ದು ಅದು ಕತ್ತಿಯಂತೆ ಕಾಣುತ್ತದೆ. ಅನಂತರ ಬಂದ ನಂಬರ್ 4 ರೈಫಲ್‌ನದು ಸುಮಾರು 8 ಅಂಗುಲದ, ಹಿಡಿಯೇ ಇಲ್ಲದ ಚೂಪು ಸರಳು. ಬಯೊನೆಟ್ ಬಂದೂಕಿನ ಮೇಲಿರದೆ ಒರೆಯಲ್ಲಿದ್ದರೂ ಒರೆಯ ಉದ್ದವನ್ನು ನೋಡಿಯೇ ಇದನ್ನು ಹೇಳಬಹುದು. ಹಳೆಯ ರೈಫಲ್‌ನ ಮೂತಿ ಮೊಂಡಾಗಿರುತ್ತದೆ, ಹೊಸದರಲ್ಲಿ ನಳಿಗೆ ಸ್ವಲ್ಪ ಮುಂದಕ್ಕೆ ಚಾಚಿರುತ್ತದೆ. ತುದಿಯನ್ನು ಕತ್ತರಿಸಿದ ಚಿತ್ರದಲ್ಲಿ ಇವೆರಡನ್ನೂ ಬೇರ್ಪಡಿಸುವುದು ಬಹಳ ಕಷ್ಟ.

ಅದೇ ಮೊಂಡು ಮೂತಿಯ ಮೇಲೆ ಕೆಲವೊಮ್ಮೆ ಲೋಟದಂಥ ಒಂದು ಸಾಧನ ಕಾಣುತ್ತದೆ. ಅದನ್ನು ಸದ್ದಡಗಿಸುವ ಸಾಧನವೆಂದು ಭಾವಿಸುವವರಿದ್ದಾರೆ. ವಾಸ್ತವದಲ್ಲಿ ಅದು ಮಿಲ್ಸ್ ಕೈಬಾಂಬನ್ನು ದೂರಕ್ಕೆ ಎಸೆಯಲು ಬಳಸುತ್ತಿದ್ದ ಬಟ್ಟಲು. ಇದಕ್ಕೆ ಗುಂಡಿಲ್ಲದ ವಿಶೇಷ ತೋಟಾವನ್ನು ಹಾರಿಸುತ್ತಿದ್ದರು. ಆ ಹೊಡೆತಕ್ಕೆ ಮರ ಸೀಳದಿರಲೆಂದು ಅಂಥ ರೈಫಲ್‌ಗಳ ಮುಂಭಾಗಕ್ಕೆ ತಾಮ್ರದ ತಂತಿ ಬಿಗಿಯುತ್ತಿದ್ದುದುಂಟು. ಚಿತ್ರದಲ್ಲಿ ಆ ತಂತಿಯನ್ನು ಕಂಡು, ಒಡೆದ ಬಂದೂಕನ್ನು ಕಟ್ಟಿಕೊಂಡು ಹೋರಾಡಿದ ಬಡಪಾಯಿ ಸೈನಿಕ ಎಂದು ಬರೆದರೆ ಮನಕರಗುವ ಕಥೆಯಾದೀತು, ಆದರೆ ಅದು ಸತ್ಯವಲ್ಲ. ಜರ್ಮನ್ ಸೈನಿಕರ ಬೆನ್ನ ಕೆಳಗೆ ತೂಗುವ ಗೀರುಗೀರಿನ ತಗಡಿನ ಡಬ್ಬಿಯದೂ ಇದೇ ಪಾಡು: ಅದು ಮದ್ದುಗುಂಡಿನ ಪೆಟ್ಟಿಗೆಯಲ್ಲ, ವಿಷಾನಿಲದಿಂದ ರಕ್ಷಿಸುವ ಮುಖವಾಡದ ಡಬ್ಬಿ.

ಕಾಲನಿರ್ಣಯಕ್ಕೆ ನಾನು ಹೆಚ್ಚು ನೆಚ್ಚುವುದು ಅಮೆರಿಕದ ಎಂ1 ಕಾರ್ಬೈನ್ ಎಂಬ ಗಿಡ್ಡ, ಹಗುರ ಬಂದೂಕನ್ನು. ಅದರ ನಳಿಗೆಯ ಕೆಳಗೆ ಬಯೊನೆಟ್ ಸಿಕ್ಕಿಸುವ ಕೊಂಡಿ ಬರತೊಡಗಿದ್ದು ಯುದ್ಧದ ಕಡೆಯ ಹಂತದಲ್ಲಿ. ಹೀಗಾಗಿ ಆ ಕೊಂಡಿ ಸ್ಪಷ್ಟವಾಗಿ ಕಾಣುವ ಚಿತ್ರಕ್ಕೆ ‘ನಾರ್ಮಂಡಿ, ಜೂನ್ 1944’ ಎಂಬ ಅಡಿಬರಹವಿದ್ದರೆ ಅದನ್ನು ಅನುಮಾನಿಸಲೇಬೇಕು. ಅದು ಬಹುಶಃ ಅನಂತರದ ಕೊರಿಯಾ ಯುದ್ಧದ ಚಿತ್ರವೋ ಮರುನಟನೆಯ ಚಿತ್ರವೋ ಆಗಿರುತ್ತದೆ. ಆದರೆ ಈ ಸಾಕ್ಷ್ಯ ಒಂದೇ ದಿಕ್ಕಿನದು: ಕೊಂಡಿ ಇಲ್ಲವೆಂದ ಮಾತ್ರಕ್ಕೆ ಚಿತ್ರ 1944ರದ್ದೇ ಎಂದು ಸಾಧಿಸಲಾಗದು.

ಆಯುಧವೊಂದನ್ನೇ ನೋಡಿ ಸೈನಿಕನ ದೇಶವನ್ನು ಹೇಳುವುದೂ ಅವಸರದ ಕೆಲಸ. 71 ಗುಂಡು ಹಿಡಿಸುವ ದುಂಡು ಮ್ಯಾಗಜಿನ್ನಿನ ಪಿಪಿಎಸ್‌ಎಚ್-41 ಸೋವಿಯತ್ ಬಂದೂಕೇ ಆದರೂ, ವಶಪಡಿಸಿಕೊಂಡ ಅಂಥ ಬಂದೂಕುಗಳನ್ನು ಜರ್ಮನ್ನರೂ ಧಾರಾಳವಾಗಿ ಬಳಸಿದರು. ಶಿರಸ್ತ್ರಾಣ, ಪಟ್ಟಿ, ಗುಂಡಿನ ಚೀಲಗಳು ಒಂದನ್ನೊಂದು ಸಮರ್ಥಿಸಿದಾಗ ಮಾತ್ರ ತೀರ್ಮಾನಕ್ಕೆ ಬರಬೇಕು.

ಇದಕ್ಕಿಂತ ಹೆಚ್ಚು ನೋವು ತರುವುದು ಎಡಬಲ ಮಗುಚಿದ ಮುದ್ರಣ. ಆ ಕಾಲದ ಲೀ-ಎನ್‌ಫೀಲ್ಡ್, ಜರ್ಮನ್ನರ ಮೌಸರ್, ಜಪಾನೀಯರ ಅರಿಸಾಕಾ ಸೈನಿಕ ರೈಫಲ್‌ಗಳಲ್ಲಿ ತೋಟಾ ತುಂಬಲು ಹಿಂದೆಮುಂದೆ ಎಳೆಯುವ ಬೋಲ್ಟಿನ ಹಿಡಿ ಬಲಗಡೆ ಇರುತ್ತದೆ. ಬ್ರೆನ್ ಮಷಿನ್ ಗನ್ನಿನ ಮ್ಯಾಗಜಿನ್ ನೆತ್ತಿಯ ಮೇಲಿರುವುದರಿಂದ ಅದರ ಗುರಿಕಣ್ಣುಗಳನ್ನು ಎಡಕ್ಕೆ ಸರಿಸಿ ಕೂರಿಸಲಾಗಿದೆ. ಇವು ಅದಲುಬದಲಾಗಿ ಕಂಡರೆ ಚಿತ್ರ ಮಗುಚಿದೆ ಎಂದೇ ಅರ್ಥ. ಆಗ ಎದೆಯ ಪದಕಪಟ್ಟಿಗಳೂ ಬಲಕ್ಕೆ ಹೋಗಿರುತ್ತವೆ. ಪುಟದ ಒಳಮುಖಕ್ಕೆ ಸೈನಿಕನ ದೃಷ್ಟಿ ತಿರುಗಲೆಂದು ಹೀಗೆ ಮಾಡುವುದು ವಿನ್ಯಾಸಕ್ಕೆ ಒಪ್ಪಬಹುದು, ದಾಖಲೆಗೆ ಒಪ್ಪದು.

ಆದ್ದರಿಂದ ಇಂಥ ಚಿತ್ರಗಳನ್ನು ಮಗುಚದೆ, ಬಂದೂಕಿನ ತುದಿಯಿಂದ ಬೂಟಿನವರೆಗೆ ಪೂರ್ತಿಯಾಗಿ ಮುದ್ರಿಸಬೇಕೆಂದು ವಿನಂತಿಸುತ್ತೇನೆ. ಮೂಲಪ್ರತಿಯ ಹಿಂಬದಿಯಲ್ಲಿ ಬರಹವೋ ಮೊಹರೋ ಇದ್ದರೆ ಅದನ್ನು ತಿದ್ದದೆ ಇದ್ದಂತೆಯೇ ಕೊಟ್ಟು, ಪತ್ರಿಕೆಯ ಸ್ವಂತ ಊಹೆಯನ್ನು ಅದರಿಂದ ಪ್ರತ್ಯೇಕವಾಗಿ, ಊಹೆಯೆಂದೇ ಹೆಸರಿಸಿ ಮುದ್ರಿಸಬೇಕು.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಓದುಗ