ಗುಂಯ್ ಸದ್ದು ನಿಲ್ಲಿಸಿದ ಅಣ್ಣನಿಗೆ

ಅಣ್ಣಾ, ಅವತ್ತು ನಿಮ್ಮ ಹೆಸರು ಕೇಳೋದೇ ಮರೆತೆವು.

ಶಿರಸಿಯಲ್ಲಿ ನಮ್ಮ ಕೇಬಲ್ ನ್ಯೂಸ್ ಶುರುವಾದ ವಾರ ಅದು. ಎರಡು ರೂಮು, ಒಂದು ಕ್ಯಾಮೆರಾ, ಮಾತು ಗೋಡೆಗೆ ಬಡಿದು ವಾಪಸ್ ಬರಬಾರದು ಅಂತ ನೇತುಹಾಕಿದ ಮನೆಯ ಕಂಬಳಿಗಳು (ನೋಡಿದವರು ಹಾಸಿಗೆ ಅಂಗಡಿ ಅಂದುಕೊಂಡರು). ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆ ಹತ್ತಿರ ಬಂದಿತ್ತು, ದೇವಿ ಬಿಡ್ಕಿಬೈಲಿನ ಗದ್ದುಗೆಗೆ ಬರುವ ದಿನವಾದರೂ ನೇರಪ್ರಸಾರ ಮಾಡದಿದ್ದರೆ ಊರಲ್ಲಿ ಮುಖ ತೋರಿಸೋದು ಹೇಗೆ ಅಲ್ವಾ, ಆದರೆ ಮೈಕ್ ಆನ್ ಮಾಡಿದರೆ ಸುದ್ದಿಗಿಂತ ಜಾಸ್ತಿ ಗುಂಯ್ ಸದ್ದೇ ಕೇಳುತ್ತಿತ್ತು. ಮೂರು ಮೈಕ್ ಬದಲಾಯಿಸಿದೆವು. ದುಡ್ಡು ದಂಡ.

ನೀವು ಬಂದಿದ್ದು ಕೇಬಲ್ ಬಿಲ್ ಕಟ್ಟೋಕೆ. ಬಾಗಿಲಲ್ಲೇ ನಿಂತು ಕೇಳಿಸಿಕೊಂಡು, "ತಮಾ, ಮೈಕ್ ಸುಮ್ನೆ ಬೈಸಿಕೊಳ್ತಾ ಇದೆ, ತೊಂದರೆ ಅರ್ತಿಂಗಿನದು" ಅಂದಿರಿ. ಮೈಕ್ ಸದ್ದು ಹೊಂದಿಸುವ ಮಿಕ್ಸರ್ ಈ ರೂಮಿನ ಪ್ಲಗ್ಗಿನಲ್ಲಿ, ಅದಕ್ಕೆ ಜೋಡಿಸಿದ ಕಂಪ್ಯೂಟರ್ ಆಚೆ ರೂಮಿನದರಲ್ಲಿ, ಹಾಗಾಗಿ ಎರಡಕ್ಕೂ ಅರ್ತಿಂಗ್ ಬೇರೆ ಬೇರೆ. ಎರಡನ್ನೂ ಕಿತ್ತು ಒಂದೇ ಬೋರ್ಡಿಗೆ ಹಾಕಿದಿರಿ. ಕರೆಂಟ್ ವೈರಿಗೆ ಸುತ್ತಿಕೊಂಡಿದ್ದ ಮೈಕ್ ವೈರನ್ನು ಬಿಡಿಸಿ ದೂರ ಎಳೆದಿರಿ. ಸದ್ದು ಟಪ್ ಅಂತ ನಿಂತಿತು!

ಚಹಾ ತರಿಸುವಷ್ಟರಲ್ಲಿ ಬಸ್ಸಿಗೆ ಹೊತ್ತಾಯ್ತು ಅಂತ ಹೊರಟೇಬಿಟ್ಟಿರಿ. ಬಿಲ್ ದುಡ್ಡು ಮೇಜಿನ ಮೇಲೆ ಇತ್ತು, ಚಿಲ್ಲರೆ ಸಮೇತ.

ತುಂಬಾ ಥ್ಯಾಂಕ್ಸ್ ಅಣ್ಣಾ. ಆ ಚಹಾ ಇನ್ನೂ ಬಾಕಿ ಇದೆ.