ಅಪ್ಪ ಮುದ್ದೆ ತಿಂದ್ರು, ಎಲ್ರಿಗೂ ಥ್ಯಾಂಕ್ಸ್

ನಿನ್ನೆ ಅಪ್ಪ ಮುದ್ದೆ, ಬಸ್ಸಾರು ತಿಂದ್ರು. ಅರ್ಧ ಮುದ್ದೇನೇ, ಆದ್ರೂ ತಿಂದ್ರು. ಅಪ್ಪನ ಹೊಟ್ಟೆ ಕಾಯಿಲೆ ಬಗ್ಗೆ ಎರಡೂವರೆ ತಿಂಗಳಿಂದ ಫೋನ್ ಮಾಡಿ ವಿಚಾರಿಸ್ತಿದ್ದೋರಿಗೆಲ್ಲ ಒಟ್ಟಿಗೇ ಹೇಳ್ಬಿಡೋಣ ಅಂತ ಬರೀತಿದೀನಿ.

ಮೊದ್ಲು ತೋರಿಸಿದ ಕಡೆ ಗ್ಯಾಸ್ಟ್ರಿಕ್ ಅಂತ ಇಂಜೆಕ್ಷನ್ ಕೊಟ್ಟು ಕಳ್ಸಿದ್ರು, ಆ ಸಿಟ್ಟು ಇನ್ನೂ ಹೋಗಿಲ್ಲ ಬಿಡಿ. ಮಲಗಿದ್ರೆ ನೋವು ಬೆನ್ನಿಗೆ ಇರಿದಂಗೆ, ದಿಂಬು ಅವುಚ್ಕೊಂಡು ಮುಂದಕ್ಕೆ ಬಾಗಿ ಕೂತ್ರೆ ಮಾತ್ರ ಒಂಚೂರು ಹಿತ. ರಾತ್ರಿ ಎರಡೂವರೆಗೆ ಬಾಗಿಲು ಬಡಿದ್ರೆ ಒಂದ್ ಮಾತೂ ಕೇಳ್ದೆ ಪಂಚೇಲೇ ಕಾರ್ ತೆಗೆದು ತಿಪಟೂರಿಂದ ಬೆಂಗಳೂರಿಗೆ ಓಡಿಸ್ದ ಪಕ್ಕದ್ಮನೆ ಅಣ್ಣ, ನಿಮಗೆ ಮೊದಲ ನಮಸ್ಕಾರ.

ಪಿತ್ತಕೋಶದ ಕಲ್ಲು ಜಾರಿ ನಾಳದಲ್ಲಿ ಸಿಕ್ಕಿ ಮೇದೋಜೀರಕ ಗ್ರಂಥಿ ಊದ್ಕೊಂಡಿತ್ತು, ಪ್ಯಾಂಕ್ರಿಯಾಟೈಟಿಸ್. (ಅಪ್ಪ ಕುಡೀತಾರಾ ಅಂತ ಮೆಲ್ಲಗೆ ಕೇಳಿದ ನೆಂಟರಿಗೆ: ಇಲ್ಲ, ಕಲ್ಲಿಂದಾನೂ ಬರತ್ತೆ.) ರಕ್ತದಲ್ಲಿ ಲೈಪೇಸ್ (ಆ ಗ್ರಂಥಿ ಬಿಡೋ, ಕೊಬ್ಬು ಕರಗಿಸೋ ಕಿಣ್ವ) ಮಾಮೂಲಿ ಮಿತಿಯ ಮೂರು ಪಟ್ಟು ದಾಟಿದ್ರೇ ಅನುಮಾನ ಪಡ್ತಾರಂತೆ, ಅಪ್ಪಂದು ಅದಕ್ಕಿಂತ ಎಷ್ಟೋ ಮೇಲಿತ್ತು. ಕಾಯಿಲೆ ಎಷ್ಟು ಜೋರು ಅಂತ ಅಳೆಯೋ ಬೈಸಾಪ್ ಸ್ಕೋರಲ್ಲಿ ವಯಸ್ಸು 60 ದಾಟಿದ್ರೇನೇ ಒಂದು ಪಾಯಿಂಟ್, ಅಪ್ಪಂಗೆ 73.

ನಮ್ಗೆ ಭಯ ಗ್ರಂಥಿದು, ಡಾಕ್ಟರಿಗೆ ಚಿಂತೆ ಕರುಳಿಂದು. ತೆಂಗಿನ ತೋಟದೋರು ಅಂತ ಗೊತ್ತಾಗಿ ಬೇಲಿ ಲೆಕ್ಕದಲ್ಲೇ ಹೇಳಿದ್ರು. ಕರುಳೊಳಗಿನ ಬ್ಯಾಕ್ಟೀರಿಯಾ ಬೇಲಿ ಒಳಗಿದ್ರೆ ತೊಂದ್ರೆ ಇಲ್ಲ, ವಯಸ್ಸಾದಂಗೆ ಒಳಗಿನ ಲೋಳೆ ಪದರ ತೆಳುವಾಗತ್ತೆ, ಒಳ್ಳೆ ಬ್ಯಾಕ್ಟೀರಿಯಾನೂ ಕಮ್ಮಿ ಆಗತ್ತೆ, ಕರುಳಿನ ಓಡಾಟ ನಿಧಾನ, ಅದ್ರ ಮೇಲೆ ಈ ಉರಿಯೂತದಲ್ಲಿ ರಕ್ತನಾಳದಿಂದ ನೀರು ಸೋರಿ ಕರುಳಿಗೆ ರಕ್ತ ಸಾಲ್ದೆ ಬೇಲೀಲಿ ಕಂಡಿ ಬೀಳತ್ತೆ, ಅಲ್ಲಿಂದ ಬ್ಯಾಕ್ಟೀರಿಯಾ ನುಗ್ಗಿ ಗ್ರಂಥೀಲಿ ಸತ್ತಿರೋ ಭಾಗಕ್ಕೆ ಸೇರ್ಕೊಂಡ್ರೆ ಕಷ್ಟ ಅಂತ.

ಅಮ್ಮ ಮಾತ್ರ ಹೊಟ್ಟೆಗೆ ರೆಸ್ಟ್ ಬೇಕು, ಏನೂ ಕೊಡ್ಬೇಡಿ ಅಂತ ಹಠ. ಮುಂಚೆ ಡಾಕ್ಟರುಗಳೂ ಹಾಗೇ ಮಾಡ್ತಿದ್ರಂತೆ. ಈಗ ಉಲ್ಟಾ, ಖಾಲಿ ಬಿಟ್ರೆ ಕರುಳಿನ ಒಳಗೋಡೆ ಇನ್ನೂ ಸೊರಗತ್ತೆ ಅಂತ ಮೂರನೇ ದಿನಕ್ಕೇ ಮೂಗಿಂದ ಸಣ್ಣ ಕರುಳಿನ ತನಕ ಟ್ಯೂಬ್ ಇಳಿಸಿ ಫೀಡ್ ಶುರು ಮಾಡಿದ್ರು. ತೆಳ್ಳಗಿನ ಕಾಫಿ ಬಣ್ಣ, ತೊಟ್ಟು ತೊಟ್ಟಾಗಿ. ರಾತ್ರಿ ಪಾಳಿ ಸಿಸ್ಟರ್ ನಾಲ್ಕು ಗಂಟೆಗೊಂದ್ಸಲ ಸಿರಿಂಜಲ್ಲಿ ನೀರು ಬಿಟ್ಟು ಆ ಟ್ಯೂಬ್ ಕಟ್ಟಿಕೊಳ್ದಂಗೆ ನೋಡ್ಕೊಂಡ್ರು. ಸಿಸ್ಟರ್, ನಿಮ್ಮ ಋಣ ತೀರ್ಸೋಕಾಗಲ್ಲ.

ಚಿಕ್ಕಪ್ಪ ಪ್ರೋಬಯಾಟಿಕ್ (ಒಳ್ಳೆ ಬ್ಯಾಕ್ಟೀರಿಯಾ ಇರೋ) ಪುಡಿ ತಂದಿದ್ರು, ಪ್ರೀತಿಯಿಂದಾನೇ. ಡಾಕ್ಟರ್ ಬೇಡ ಅಂದ್ರು. 2008ರಲ್ಲಿ ಬಂದ ನೆದರ್ಲೆಂಡ್ಸ್ ಅಧ್ಯಯನದಲ್ಲಿ, ಜೋರಾಗಿ ಆಗಬಹುದು ಅಂತ ಅಂದಾಜಿದ್ದ ಪ್ಯಾಂಕ್ರಿಯಾಟೈಟಿಸ್ ಪೇಷಂಟ್‌ಗಳಲ್ಲಿ ಪ್ರೋಬಯಾಟಿಕ್ ಕೊಟ್ಟೋರಲ್ಲಿ 16% ಜನ ತೀರ್ಕೊಂಡ್ರು, ಕೊಡದೋರಲ್ಲಿ 6%. ಚಿಕ್ಕಪ್ಪ ಬೇಜಾರು ಮಾಡ್ಕೋಬೇಡಿ.

ಐಸಿಯು ರಾತ್ರಿಗಳಲ್ಲಿ ಅಪ್ಪಂಗೆ ಭ್ರಮೆ, "ಕಾಯಿ ಎಣಿಸಿದ್ಯೇನೋ" ಅಂತ ಕೂಗೋರು. ವಾರ್ಡ್ ಬಾಯ್ ಬೇಸರ ಇಲ್ದೆ "ಎಣಿಸಿದೀನಿ ಯಜಮಾನ್ರೇ, ಮಲಗಿ" ಅನ್ನೋನು. ಆರನೇ ದಿನ ಡಾಕ್ಟರ್ ಹೊಟ್ಟೆ ಮೇಲೆ ಸ್ಟೆತಾಸ್ಕೋಪ್ ಇಟ್ಟು ಕೇಳ್ತಾ ಇರೋವಾಗ್ಲೇ ಅಪ್ಪ ಜೋರಾಗಿ ಹೂಸು ಬಿಟ್ರು. ಕರುಳು ಓಡಾಡ್ತಿದೆ ಅಂತ ಡಾಕ್ಟರ್ ನಕ್ಕುಬಿಟ್ರು, ಅಮ್ಮ ಅಲ್ಲೇ ನಿಂತು ನಮ್ಮೂರ ದೇವತೆ ಕೆಂಪಮ್ಮಂಗೆ ಕೈ ಮುಗಿದ್ರು.

ಊತ ಇಳಿದ್ಮೇಲೆ ಪಿತ್ತಕೋಶಾನೂ ತೆಗ್ಸಾಯ್ತು. ಕಲ್ಲುಗಳು ಪುಟ್ಟ ಬಾಟಲೀಲಿವೆ, ಬಂದೋರಿಗೆಲ್ಲ ಅಪ್ಪ ತೋರಿಸ್ತಾರೆ, ನಿಮ್ಗೂ ತಪ್ಪಲ್ಲ. ಗಂಜಿ ತಂದ್ಕೊಟ್ಟ ಮೂರು ಸ್ಟೀಲ್ ಡಬ್ಬಿ ನಮ್ಮನೇಲೇ ಉಳಿದಿವೆ, ಒಂದ್ರ ಮುಚ್ಚಳದ ಮೇಲೆ ನೀಲಿ ಪೇಂಟ್ ಚುಕ್ಕೆ ಇದೆ, ಯಾರ್ದು ಅಂತ ಗೊತ್ತಾಗ್ತಿಲ್ಲ. ಬಂದು ತಗೊಂಡು ಹೋಗಿ, ಹಂಗೇ ಕಾಫಿ ಕುಡ್ಕೊಂಡು.