ಮಿಷನ್ ಆಸ್ಪತ್ರೆ ಇದೆ ಅಂತ ಸರ್ಕಾರ ಕೈ ತೊಳೆದುಕೊಳ್ಳುವುದು ಬೇಡ

ಮಾನ್ಯ ಸಂಪಾದಕರೇ,

ಆಸ್ಪತ್ರೆಗಳನ್ನು ಧರ್ಮಸಂಸ್ಥೆಗಳಿಗೂ ಖಾಸಗಿಯವರಿಗೂ ಬಿಟ್ಟು ಸರ್ಕಾರ ದೂರ ನಿಲ್ಲಬೇಕು, ಕ್ಯಾಥೊಲಿಕ್ ಸಭೆ (ಚರ್ಚ್) ಕಲಿಸುವುದೂ ಅದನ್ನೇ, ಮಂಗಳೂರೇ ಅದಕ್ಕೆ ಸಾಕ್ಷಿ ಅಂತ ಕಳೆದ ವಾರ ನಿಮ್ಮ ಓದುಗರ ಅಂಕಣದಲ್ಲಿ ಒಬ್ಬರು ಬರೆದಿದ್ದರು. ನಾನೂ ಅದೇ ಸಭೆಯವಳು. ಸಭೆ ಹಾಗೆ ಕಲಿಸುವುದಿಲ್ಲ.

ಮಂಗಳೂರಿನ ಬಗ್ಗೆ ಅವರು ಹೇಳಿದ್ದರಲ್ಲಿ ಅರ್ಧ ಸರಿ. 1880ರಲ್ಲಿ ಜರ್ಮನಿಯವರಾದ, ಜೆಸ್ವಿಟ್ ಅನ್ನುವ ಕ್ಯಾಥೊಲಿಕ್ ಗುರುಗಳ ಸಂಘದ ಪಾದ್ರಿ ಮುಲ್ಲರ್ ಕಂಕನಾಡಿಯಲ್ಲಿ ಹೋಮಿಯೋಪಥಿ ಔಷಧಿ ಕೊಡುತ್ತಾ ಶುರು ಮಾಡಿದ ಕೆಲಸ ಇವತ್ತು ದೊಡ್ಡ ಆಸ್ಪತ್ರೆಯಾಗಿದೆ. ಮನೆಯವರೇ ಹತ್ತಿರ ಸೇರಿಸದ ಕಾಲದಲ್ಲಿ, 1890ರಲ್ಲಿ, ಅವರು ಕುಷ್ಠರೋಗಿಗಳಿಗೆ ಜಾಗ ಮಾಡಿಕೊಟ್ಟರು. ಅದು ನಮ್ಮೆಲ್ಲರ ಹೆಮ್ಮೆ. ಆದರೆ ಅದಕ್ಕೂ ಮೊದಲೇ, 1848ರಿಂದ, ಹಂಪನಕಟ್ಟೆಯ ಹತ್ತಿರ ಸರ್ಕಾರಿ ವೆನ್ಲಾಕ್ ಆಸ್ಪತ್ರೆ ಇದೆಯಲ್ಲ? ಕಾಸರಗೋಡು, ಕೊಡಗು, ಚಿಕ್ಕಮಗಳೂರಿನಿಂದ ಬಸ್ಸು ಹತ್ತಿ ಬರುವ ಬಡವರು ಇವತ್ತಿಗೂ ಹುಡುಕಿಕೊಂಡು ಹೋಗುವುದು ಅಲ್ಲಿಗೇ.

ಆ ಓದುಗರು ನೆಚ್ಚಿಕೊಂಡಿರುವುದು 1931ರಲ್ಲಿ ಪೋಪ್ ಹನ್ನೊಂದನೇ ಪಿಯುಸ್ ಬರೆದ ಮಾತನ್ನು. ಮನೆ, ಊರು, ಸಂಘ ತಾವಾಗಿ ಮಾಡಿಕೊಳ್ಳಬಲ್ಲ ಕೆಲಸವನ್ನು ಮೇಲಿನವರು ಕಿತ್ತುಕೊಳ್ಳಬಾರದು ಅನ್ನುವುದು ಅದರ ಸಾರ. ಒಳ್ಳೆಯ ಮಾತೇ. ಆದರೆ ಕೆಳಗಿನವರ ಕೈಲಿ ಆಗದಾಗ ಮೇಲಿನವರು ಬಂದು ಹೆಗಲು ಕೊಡಬೇಕು ಅನ್ನುವುದೂ ಅದೇ ತತ್ವದ ಭಾಗ. ಅರ್ಧ ಓದಿ ನಿಲ್ಲಿಸಿದರೆ ಹೇಗೆ? ಅದಕ್ಕೂ 40 ವರ್ಷ ಮೊದಲು, 1891ರಲ್ಲಿ, ಪೋಪ್ ಹದಿಮೂರನೇ ಲಿಯೋ ಸ್ಪಷ್ಟವಾಗಿ ಹೇಳಿದ್ದಾರೆ. ಹಣವಿದ್ದವರು ತಮ್ಮನ್ನು ತಾವೇ ನೋಡಿಕೊಳ್ಳುತ್ತಾರೆ, ಬಡವರಿಗೆ ಸರ್ಕಾರವೇ ಆಸರೆ, ಹಾಗಾಗಿ ಸರ್ಕಾರ ಅವರ ಮೇಲೆ ಹೆಚ್ಚು ಕಾಳಜಿ ಇಡಬೇಕು ಅಂತ. 1963ರಲ್ಲಿ ಪೋಪ್ ಇಪ್ಪತ್ತಮೂರನೇ ಜಾನ್ ಮನುಷ್ಯನ ಹಕ್ಕುಗಳನ್ನು ಎಣಿಸುವಾಗ ಊಟ, ಬಟ್ಟೆ, ಸೂರಿನ ಜೊತೆಯಲ್ಲೇ ವೈದ್ಯಕೀಯ ಆರೈಕೆಯನ್ನೂ ಸೇರಿಸಿದರು. ಹಕ್ಕು ಅಂದ ಮೇಲೆ ಅದನ್ನು ಯಾರದ್ದೋ ದೊಡ್ಡ ಮನಸ್ಸಿಗೆ ಬಿಟ್ಟುಬಿಡಲು ಆಗುವುದಿಲ್ಲ.

ಈ ಜಗಳ ನಮ್ಮಲ್ಲಿ ಮಾತ್ರ ಇರುವುದಲ್ಲ. 2010ರಲ್ಲಿ ಅಮೆರಿಕದಲ್ಲಿ ಅಧ್ಯಕ್ಷ ಒಬಾಮ ಹೆಚ್ಚು ಜನರಿಗೆ ಆರೋಗ್ಯ ವಿಮೆ ಸಿಗುವಂಥ ಕಾನೂನು ತಂದಾಗ ಅಲ್ಲಿನ ಬಿಷಪ್‌ಗಳು ಗರ್ಭಪಾತಕ್ಕೆ ಸರ್ಕಾರದ ಹಣ ಹೋಗುತ್ತದೆ ಅಂತ ವಿರೋಧಿಸಿದರು. ಕ್ಯಾಥೊಲಿಕ್ ಆಸ್ಪತ್ರೆಗಳ ಒಕ್ಕೂಟ ಬೆಂಬಲಿಸಿತು. ಆದರೆ ಎಲ್ಲರಿಗೂ ಚಿಕಿತ್ಸೆ ಸಿಗಬೇಕು ಅನ್ನುವುದನ್ನು ಆ ಬಿಷಪ್‌ಗಳೂ ಬಿಟ್ಟುಕೊಡಲಿಲ್ಲ.

ಈಗ ನಮ್ಮ ಊರಿಗೆ ಬರೋಣ. ನಮ್ಮ ಬೀದಿಯಲ್ಲಿ ಬೀಡಿ ಕಟ್ಟುವ ಹೆಂಗಸೊಬ್ಬರಿದ್ದಾರೆ. ಗಂಡನಿಗೆ ಕಿಡ್ನಿಯಲ್ಲಿ ಕಲ್ಲು, ಆಪರೇಷನ್ ಆಗಬೇಕಿತ್ತು. ಮನೆಯಲ್ಲಿ ಬಿಪಿಎಲ್ ಕಾರ್ಡ್ ಇದೆ, ಅಂದರೆ ಆಯುಷ್ಮಾನ್ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಉಚಿತ. ಖಾಸಗಿ ಆಸ್ಪತ್ರೆಯೊಂದರಲ್ಲಿ ಮೊದಲು ಅಡ್ಮಿಟ್ ಆಗಿ, ಕಾರ್ಡಿನ ವಿಷಯ ಆಮೇಲೆ ನೋಡೋಣ ಅಂದರು. ಆಮೇಲೆ ನೋಡಿದಾಗ, ಖಾಸಗಿ ಆಸ್ಪತ್ರೆಗೆ ಕಳಿಸುತ್ತಿದ್ದೇವೆ ಅಂತ ಸರ್ಕಾರಿ ಆಸ್ಪತ್ರೆ ಬರೆದುಕೊಡುವ ರೆಫರಲ್ ಚೀಟಿ ಇಲ್ಲ, ತುರ್ತು ಕೇಸೂ ಅಲ್ಲ, ಹಾಗಾಗಿ ಯೋಜನೆ ಸಿಗುವುದಿಲ್ಲ ಅಂತಾಯಿತು. ಆ ಚೀಟಿಯ ಮಾತನ್ನು ಮೊದಲ ದಿನವೇ ಕೌಂಟರಿನಲ್ಲಿ ಯಾರಾದರೂ ಹೇಳಿದ್ದರೆ ಅವರು ವೆನ್ಲಾಕಿಗೆ ಹೋಗಿ ಬರುತ್ತಿದ್ದರು, ಅಲ್ವಾ? ಕರಿಮಣಿ ಸರ ಸೊಸೈಟಿಯಲ್ಲಿ ಅಡವಿಟ್ಟು ಬಿಲ್ ಕಟ್ಟಿದರು. ಇನ್ನು ಎಪಿಎಲ್ ಕಾರ್ಡಿನವರ ಪಾಡು ಬೇರೆ. ಅವರಿಗೆ ಪ್ಯಾಕೇಜ್ ದರದ, ಅಂದರೆ ಒಂದೊಂದು ಚಿಕಿತ್ಸೆಗೆ ಯೋಜನೆ ನಿಗದಿ ಮಾಡಿದ ದರದ, 30 ಶೇಕಡಾ ಮಾತ್ರ, ಅದೂ ವರ್ಷಕ್ಕೆ ಒಂದೂವರೆ ಲಕ್ಷದ ಒಳಗೆ. ಗಲ್ಫಿನಲ್ಲಿ ದುಡಿದು ಟೆರೇಸ್ ಮನೆ ಕಟ್ಟಿ, ಕೆಲಸ ಕಳೆದುಕೊಂಡು ವಾಪಸ್ ಬಂದು, ಕೈಯಲ್ಲಿ ಎಪಿಎಲ್ ಕಾರ್ಡ್ ಮಾತ್ರ ಇರುವವರು ನಮ್ಮ ಕರಾವಳಿಯಲ್ಲಿ ಎಷ್ಟು ಮಂದಿಯಿಲ್ಲ?

ಸರ್ಕಾರ ದೂರ ನಿಂತರೆ ಏನಾಗುತ್ತದೆ ಅಂತ ಉಡುಪಿಯವರನ್ನು ಕೇಳಿ. ಅಲ್ಲಿನ ಸರ್ಕಾರಿ ತಾಯಿ ಮಕ್ಕಳ ಆಸ್ಪತ್ರೆಯನ್ನು ನಡೆಸಲು ಖಾಸಗಿಯವರಿಗೆ ಕೊಟ್ಟರು. ಕೆಲವೇ ವರ್ಷಗಳಲ್ಲಿ ಸಂಬಳ ಸಿಗದೆ ನೌಕರರು ಪ್ರತಿಭಟನೆಗೆ ಕೂತರು. ಕೊನೆಗೆ ಸರ್ಕಾರವೇ ವಾಪಸ್ ವಹಿಸಿಕೊಳ್ಳಬೇಕಾಯಿತು.

ಹಾಗಂತ ಎಲ್ಲವನ್ನೂ ಸರ್ಕಾರವೇ ಮಾಡಲಿ ಅಂತ ನಾನು ಹೇಳುತ್ತಿಲ್ಲ. ಸಹಕಾರಿ ಸಂಘಗಳ ಸದಸ್ಯರಿಗಾಗಿ 2003ರಲ್ಲಿ ಬಂದ ಯಶಸ್ವಿನಿ ಯೋಜನೆ ನೋಡಿ. ಜನ ಸಂಘದ ಮೂಲಕ ಸ್ವಲ್ಪ ಹಾಕುತ್ತಾರೆ, ಉಳಿದದ್ದಕ್ಕೆ ಸರ್ಕಾರ ನಿಲ್ಲುತ್ತದೆ. ನಡುವೆ ನಿಂತುಹೋಗಿ 2022ರಲ್ಲಿ ಮತ್ತೆ ಶುರುವಾದಾಗ ಹಳ್ಳಿಯ ನಾಲ್ಕು ಮಂದಿಯ ಮನೆಗೆ ವರ್ಷಕ್ಕೆ 500 ರೂಪಾಯಿ ಇಟ್ಟಿದ್ದರು. ಪಿಯುಸ್ ಹೇಳಿದ್ದು ಇಂಥದ್ದನ್ನೇ ಅಂತ ನನಗೆ ಅನಿಸುತ್ತದೆ. ಹಾಲಿನ ಸೊಸೈಟಿ, ಕೃಷಿ ಸೊಸೈಟಿ ಇಲ್ಲದ ಊರು ನಮ್ಮ ಎರಡು ಜಿಲ್ಲೆಯಲ್ಲಿ ಸಿಗುವುದು ಕಷ್ಟ. ಇದನ್ನು ಇಲ್ಲಿ ಇನ್ನೂ ಬಲಪಡಿಸಬಹುದು.

ನಮ್ಮವರಿಗೂ ಒಂದು ಮಾತು ಹೇಳಲೇಬೇಕು. ಒಪ್ಪಿಕೊಂಡು ಸೇರಿದ್ದಾರೆ ಅಂದ ಮಾತ್ರಕ್ಕೆ ಕೊಟ್ಟ ಸಂಬಳ ನ್ಯಾಯವಾಗುವುದಿಲ್ಲ, ಅದರಲ್ಲಿ ಬದುಕು ನಡೆಯಬೇಕು ಅಂತ ಲಿಯೋ 1891ರಲ್ಲೇ ಬರೆದಿದ್ದಾರೆ. ಪಕ್ಕದ ಕೇರಳದಲ್ಲಿ ನರ್ಸ್‌ಗಳು ಹೋರಾಡಿದ ಮೇಲೆ 2018ರಲ್ಲಿ ಖಾಸಗಿ ಆಸ್ಪತ್ರೆಗಳಿಗೂ ತಿಂಗಳಿಗೆ 20,000 ರೂಪಾಯಿ ಕನಿಷ್ಠ ಮೂಲವೇತನ ನಿಗದಿಯಾಯಿತು. ಚರ್ಚಿನ ಹೆಸರಿನಲ್ಲಿ ನಡೆಯುವ ಆಸ್ಪತ್ರೆ, ಶಾಲೆಗಳು ಕಾನೂನು ಬರುವವರೆಗೆ ಕಾಯದೆ ತಾವೇ ಮುಂದೆ ಬರಬೇಕು. ಸಂಬಳ ಎಷ್ಟು ಅಂತ ಬಹಿರಂಗವಾಗಿ ಹೇಳಬೇಕು. ಜೊತೆಗೆ ರೆಫರಲ್ ಚೀಟಿ ಬೇಕು ಅನ್ನುವುದನ್ನು ಅಡ್ಮಿಷನ್ ಕೌಂಟರಿನ ಎದುರೇ ಕನ್ನಡ, ಕೊಂಕಣಿ, ತುಳು, ಬ್ಯಾರಿ ನಾಲ್ಕರಲ್ಲೂ ದೊಡ್ಡ ಅಕ್ಷರದಲ್ಲಿ ಬರೆದು ಹಾಕಲಿ. ಭಾನುವಾರ ಪೂಜೆ ಮುಗಿದ ಮೇಲೆ ಚರ್ಚಿನಲ್ಲಿ ಎಷ್ಟೋ ಪ್ರಕಟಣೆ ಓದುತ್ತಾರೆ, ಇದನ್ನೂ ಓದಲಿ.

ಒಬ್ಬ ನಿವೃತ್ತ ಶಿಕ್ಷಕಿ,
ಬಿಜೈ, ಮಂಗಳೂರು